ಒಂಬತ್ತು ಸೂಜಿಯ ರಂಗೋಲಿ

ಬ್ಯಾಂಕಿನಲ್ಲಿ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿಕೊಳ್ಳಲು ನಿಂತಾಗಲೆಲ್ಲ ನನಗೆ ಒಂದು ಬಗೆಯ ಖುಷಿಯಾಗುತ್ತದೆ. ಖಾತೆಯಲ್ಲಿ ದುಡ್ಡು ತುಂಬಿ ತುಳುಕುತ್ತಿದೆ ಎಂದುಕೊಳ್ಳಬೇಡಿ. ಖುಷಿ ಕೊಡುವುದು ಆ ಪ್ರಿಂಟರಿನ ಕರ್ ಕರ್ ಸದ್ದು. ಉಳಿದವರಿಗೆ ಹಲ್ಲು ಜುಮ್ಮೆನ್ನುವ ಸದ್ದು ಅದು. ನನಗೆ ಮಾತ್ರ ತವರಿನ ಕಡೆಯ ಬಸ್ಸಿನ ಹಾರ್ನ್ ಕೇಳಿದ ಹಾಗಾಗುತ್ತದೆ. ಹಾಗೇಕೆ ಎಂದು ಹೇಳಬೇಕಾದರೆ ಇಪ್ಪತ್ತೈದು ವರ್ಷಕ್ಕೂ ಹಿಂದಿನ ಒಂದು ಕಥೆ ಹೇಳಬೇಕು.

ನಾನು ಹುಟ್ಟಿದ್ದು ಮಳವಳ್ಳಿಯ ಹತ್ತಿರದ ಹಳ್ಳಿಯಲ್ಲಿ, ಬಿ.ಎಸ್ಸಿ. ಓದಿದ್ದು ಮಂಡ್ಯದಲ್ಲಿ, ಕೊಟ್ಟಿದ್ದು ಮದ್ದೂರಿಗೆ. ಮೂರೂ ಒಂದೇ ಜಿಲ್ಲೆ. ಹಾಗಾಗಿ ದೂರದ ಊರಿಗೆ ಹೋದೆನೆಂದು ಅಳುವ ಭಾಗ್ಯವೂ ನನಗಿರಲಿಲ್ಲ. 1996ರಲ್ಲಿ ಮಂಡ್ಯದ ಒಂದು ಕಂಪ್ಯೂಟರ್ ತರಗತಿಯಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಬೆಳಿಗ್ಗೆ ಮದ್ದೂರಿನಲ್ಲಿ ರೈಲು ಹತ್ತುವುದು, ಹನಕೆರೆ ದಾಟಿ ಮಂಡ್ಯದಲ್ಲಿ ಇಳಿಯುವುದು, ಕಬ್ಬಿನ ಗಾಡಿಗಳ ನಡುವೆ ನುಸುಳಿಕೊಂಡು ತರಗತಿ ಸೇರುವುದು. ಕಬ್ಬು ಅರೆಯುವ ಕಾಲದಲ್ಲಿ, 1933ರಲ್ಲಿ ಹುಟ್ಟಿದ ನಮ್ಮ ಮೈಸೂರು ಸಕ್ಕರೆ ಕಂಪನಿಯ ಕಾರ್ಖಾನೆಯ ಸಿಹಿ ನಾತ ಸೀರೆಗೂ ಅಂಟಿಕೊಂಡು ಮದ್ದೂರಿನವರೆಗೆ ಬರುತ್ತಿತ್ತು.

ನಾನು ಕಲಿಸುತ್ತಿದ್ದುದು 'ಸಿ' ಎಂಬ ಭಾಷೆ. ಮೊದಲ ದಿನ ಅತ್ತೆಗೆ ಹೇಳಿದಾಗ ಅವರು, "ಎಬಿಸಿಡಿಯಲ್ಲಿ ಸಿ ಒಂದನ್ನೇ ಕಲಿಸೋದಕ್ಕೆ ತಿಂಗಳಿಗೆ ಎಂಟುನೂರು ರೂಪಾಯಿ ಕೊಡ್ತಾರಾ?" ಎಂದು ಕೇಳಿದರು. ಅವರು ವ್ಯಂಗ್ಯ ಮಾಡಿದರೋ, ನಿಜವಾಗಿಯೇ ಕೇಳಿದರೋ ನನಗೆ ಇವತ್ತಿಗೂ ತಿಳಿದಿಲ್ಲ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನ್ನಿಸ್ ರಿಚಿ ಎಂಬಾತ 1972ರ ಸುಮಾರಿಗೆ ಈ ಭಾಷೆಯನ್ನು ರೂಪಿಸಿದ ಎಂದು ವಿವರಿಸಲು ಹೋದೆ. "ಸರಿ, ಕಾಯಿ ತುರಿದು ಕೊಡು" ಎಂದರು.

ತರಗತಿಯಲ್ಲಿ ಎಲ್ಲರಿಗೂ ಮೊದಲು ಕಲಿಸುವ ಮಾತು 'ಪ್ರಿಂಟ್‌ಎಫ್'. ಆವರಣದೊಳಗೆ ಏನು ಬರೆದರೂ ಅದು ಪರದೆಯ ಮೇಲೆ ಮೂಡುತ್ತದೆ. ಒಂದು ದಿನ ಮುಂದಿನ ಬೆಂಚಿನ ಹುಡುಗಿಯೊಬ್ಬಳು, "ಮಿಸ್, ಪ್ರಿಂಟ್ ಅಂತ ಹೇಳಿದ್ದೀವಿ, ಕಾಗದ ಎಲ್ಲಿ?" ಎಂದಳು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ, ಏಕೆಂದರೆ ಉತ್ತರ ಗೊತ್ತಿರಲಿಲ್ಲ. ಆಮೇಲೆ ಪುಸ್ತಕ ತಿರುವಿ ತಿಳಿದುಕೊಂಡೆ. ಆ ಭಾಷೆ ಹುಟ್ಟಿದ ಕಾಲಕ್ಕೆ ಕಂಪ್ಯೂಟರಿಗೆ ಬಹಳ ಕಡೆ ಪರದೆಯೇ ಇರಲಿಲ್ಲವಂತೆ. ಟೈಪ್‌ರೈಟರಿನಂಥ ಟೆಲಿಟೈಪ್ ಯಂತ್ರಗಳು ಉತ್ತರವನ್ನು ಕಾಗದದ ಮೇಲೇ ಕುಟ್ಟುತ್ತಿದ್ದವು. ಪರದೆ ಬಂದ ಮೇಲೆ ಕಾಗದ ಹೋಯಿತು, ಹೆಸರು ಉಳಿಯಿತು. ನಮ್ಮಲ್ಲಿ ಬೀಸುವ ಕಲ್ಲು ಹೋದರೂ 'ಬೀಸಿಸಿಕೊಂಡು ಬಾ' ಎಂದು ಮಿಲ್ಲಿಗೆ ಕಳಿಸುವುದಿಲ್ಲವೇ, ಹಾಗೆ.

ಕಾಗದಕ್ಕೆ ಕಳಿಸಬೇಕಾದರೆ ಬೇರೆಯೇ ದಾರಿ. ನಾವು ಬಳಸುತ್ತಿದ್ದ ಡಾಸ್‌ನಲ್ಲಿ ಪ್ರಿಂಟರಿಗೆ 'ಪಿಆರ್‌ಎನ್' ಎಂಬ ಹೆಸರು ಮೊದಲೇ ಮೀಸಲು. ಕಡತವನ್ನು ತೆರೆಯುವಂತೆಯೇ ಅದನ್ನು ತೆರೆಯಬೇಕು, 'ಎಫ್‌ಪ್ರಿಂಟ್‌ಎಫ್' ಎಂದು ಬರೆಯಬೇಕು, ಮುಗಿದ ಮೇಲೆ ಮುಚ್ಚಬೇಕು. ಯಂತ್ರವನ್ನು ಬರಿಯ ಒಂದು ಕಡತವೆಂದು ಭಾವಿಸಿ ಮಾತಾಡಿಸುವ ಈ ಉಪಾಯ ನನಗೆ ಬಹಳ ಹಿಡಿಸಿತು.

ಮೊದಲ ಸಲ ಹುಡುಗಿಯರನ್ನೆಲ್ಲ ಪ್ರಿಂಟರಿನ ಸುತ್ತ ನಿಲ್ಲಿಸಿಕೊಂಡು ಪ್ರೋಗ್ರಾಮು ಓಡಿಸಿದೆ. ಪ್ರಿಂಟರು ಕಮಕ್ ಕಿಮಕ್ ಎನ್ನಲಿಲ್ಲ. ತಂತಿ ನೋಡಿದೆ, ಕಾಗದ ನೋಡಿದೆ, ದೇವರನ್ನೂ ನೆನೆದೆ. ಆಮೇಲೆ ಗೊತ್ತಾಯಿತು, ತಪ್ಪು ನನ್ನದೇ. ನಾವು ಕಳಿಸುವ ಅಕ್ಷರಗಳು ಒಂದೊಂದಾಗಿ ಹೋಗುವುದಿಲ್ಲ. ಕಂಪ್ಯೂಟರು ಅವನ್ನು ಒಂದೆಡೆ ಕೂಡಿಟ್ಟುಕೊಳ್ಳುತ್ತದೆ. ಹಾಲಿನ ಡೈರಿಯಲ್ಲಿ ಪ್ರತಿಯೊಬ್ಬರ ಅರ್ಧ ಸೇರಿಗೂ ವ್ಯಾನು ಹೊರಡುತ್ತದೆಯೇ? ಕ್ಯಾನು ತುಂಬಬೇಕು, ಇಲ್ಲವೇ ಹೊತ್ತಾಯಿತು ಹೊರಡು ಎಂದು ಯಾರಾದರೂ ಹೇಳಬೇಕು. ನನ್ನ ಪ್ರೋಗ್ರಾಮು ಮುಗಿಯದೆ, ಒಂದು ಕೀಲಿ ಒತ್ತಲಿ ಎಂದು ಕಾಯುತ್ತಿತ್ತು. ಅಕ್ಷರಗಳೂ ಒಳಗೇ ಕಾಯುತ್ತಿದ್ದವು. 'ಎಫ್‌ಕ್ಲೋಸ್' ಎಂದು ಮುಚ್ಚಿದ ಕೂಡಲೇ ಕರ್ ಎಂದು ಹೊರಟವು. ಹುಡುಗಿಯರು ಚಪ್ಪಾಳೆ ತಟ್ಟಿದರು. ನನಗೆ ಸ್ವಲ್ಪ ಜಂಬವೂ ಬಂತು. ಕಥೆಯ ಕಷ್ಟ ಶುರುವಾಗುವುದು ಈ ಜಂಬದಿಂದಲೇ.

ಆ ಕಾಲದಲ್ಲಿ ಹಳ್ಳಿ ಹಳ್ಳಿಗಳಲ್ಲಿ ಹೆಂಗಸರ ಉಳಿತಾಯದ ಸಂಘಗಳು ಏಳುತ್ತಿದ್ದವು. 1992ರಲ್ಲಿ ನಬಾರ್ಡ್ ಇಂಥ ಸಂಘಗಳನ್ನು ಬ್ಯಾಂಕುಗಳ ಜೊತೆ ಜೋಡಿಸುವ ಪ್ರಯೋಗ ಆರಂಭಿಸಿತ್ತು. ನಮ್ಮ ಹಳ್ಳಿಯ ಸಂಘದಲ್ಲಿ ಹದಿನೆಂಟು ಜನ, ವಾರಕ್ಕೆ ತಲಾ ಹತ್ತು ರೂಪಾಯಿ. ನಮ್ಮವ್ವನೂ ಒಬ್ಬಳು. ಹೈಸ್ಕೂಲು ಓದುವ ಒಬ್ಬ ಹುಡುಗ ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆಯುತ್ತಿದ್ದ. ಅವನ ಕೈಬರಹವೋ, ಇರುವೆಗಳು ಮಸಿಯಲ್ಲಿ ಬಿದ್ದೆದ್ದು ಓಡಾಡಿದಂತೆ. ಊರಿಗೆ ಹೋದಾಗ ನಾನು ದೊಡ್ಡದಾಗಿ, "ಇದನ್ನೆಲ್ಲ ನಾನು ಕಂಪ್ಯೂಟರಿನಲ್ಲಿ ಮಾಡಿ ಕೊಡ್ತೀನಿ ಬುಡ್ರವ್ವ" ಎಂದುಬಿಟ್ಟೆ. ಹೆಂಗಸರೆಲ್ಲ ನನ್ನನ್ನು ನೋಡಿದ ರೀತಿಗೆ ಅವ್ವನ ಮುಖ ಊರಗಲವಾಯಿತು.

ಭಾನುವಾರ ಬೆಳಿಗ್ಗೆ ತರಗತಿಯ ಯಜಮಾನರ ಅನುಮತಿ ಪಡೆದು ಪಟ್ಟಿ ಮುದ್ರಿಸಿದೆ. ಹೆಸರು, ಕಟ್ಟಿದ ಹಣ, ಬಾಕಿ, ಸಾಲ. ಗೆರೆಗಳು ನೇರ, ಅಂಕಿಗಳು ಒಂದರ ಕೆಳಗೊಂದು ಸಿಪಾಯಿಗಳಂತೆ. ಎರಡು ಅಂಚಿಗೂ ತೂತಿರುವ ಉದ್ದನೆಯ ಕಾಗದವನ್ನು ಹರಿದು ಮಡಚಿ ಮಳವಳ್ಳಿಯ ಬಸ್ಸು ಹತ್ತಿದೆ. ಮಳವಳ್ಳಿಗೆ ರೈಲಿಲ್ಲ. ಬಸ್ಸಿನ ಕುಲುಕಿಗೆ ಕಾಗದ ಸುಕ್ಕಾಗದಿರಲೆಂದು ಮಗುವಿನ ಹಾಗೆ ಎದೆಗೊತ್ತಿಕೊಂಡು ಹೋದೆ.

ಪಟ್ಟಿಯಲ್ಲಿ ಹೆಸರುಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಆ ಪ್ರಿಂಟರಿನ ಹೊಟ್ಟೆಯಲ್ಲಿ ಇದ್ದ ಅಕ್ಷರಗಳೇ ಇಂಗ್ಲಿಷಿನವು. ನನಗೆ ಅದು ತಪ್ಪೆಂದೇ ಹೊಳೆದಿರಲಿಲ್ಲ. ಕಂಪ್ಯೂಟರ್ ಎಂದರೆ ಇಂಗ್ಲಿಷ್ ಎಂದೇ ನಾವು ತಿಳಿದಿದ್ದೆವು. ನಾನು ಅವ್ವನ ಅಡುಗೆಮನೆಯಲ್ಲಿದ್ದಾಗ ಲೆಕ್ಕದ ಹುಡುಗ ಜಗಲಿಯಲ್ಲಿ ಪಟ್ಟಿ ಓದಿದನಂತೆ. ನಡುವೆ ಒಂದು ಕಡೆ ತಡವರಿಸಿ, "ಮೇಡಮ್ಮ, ಇಪ್ಪತ್ತು ರೂಪಾಯಿ ಬಾಕಿ" ಎಂದ. ಯಾರೂ ಓಗೊಡಲಿಲ್ಲ. ಯಾರೋ ಒಬ್ಬಳು, "ಮೇಡಮ್ಮ ಅಂದ್ರೆ ನಮ್ಮ ಕಂಪ್ಯೂಟರ್ ಮೇಡಮ್ಮನೆ ಕಣೇ, ಅವಳೇ ಬಾಕಿ ಮಡಗವ್ಳೆ" ಎಂದಳು. ಜಗಲಿಯೆಲ್ಲ ನಗುವೋ ನಗು. ನಾನೂ ಒಳಗಿನಿಂದ ಕೇಳಿಸಿಕೊಂಡು ನಕ್ಕೆ.

ಅದು ಮಾದಮ್ಮನ ಹೆಸರು. ನಮ್ಮ ಸೀಮೆಯಲ್ಲಿ ಮಾದಪ್ಪನ ಹೆಸರಿಟ್ಟುಕೊಂಡ ಮಾದಮ್ಮ ಬೀದಿಗೊಬ್ಬಳಿದ್ದಾಳೆ, ಹಾಗಾಗಿ ಹೆಸರು ಹೇಳಿದರೂ ಗುಟ್ಟು ರಟ್ಟಾಗುವುದಿಲ್ಲ. ಮಗಳ ಬಾಣಂತನಕ್ಕೆಂದು ಹೋಗಿ ಎರಡು ವಾರ ಹಣ ಕಟ್ಟಿರಲಿಲ್ಲ. ಅಂದು ಜಗಲಿಯ ಮೂಲೆಯಲ್ಲೇ ಕೂತಿದ್ದಳು. ತನ್ನ ಹೆಸರು ಕರೆದರೆಂದು ಆಕೆಗೆ ಗೊತ್ತೇ ಆಗಲಿಲ್ಲ. ಮುಂದಿನ ವಾರ ಒಂದು ಕಡಸು ಕೊಳ್ಳಲು ಸಂಘದಲ್ಲಿ ಸಾಲ ಕೇಳಿದಾಗ, "ಬಾಕಿ ಮಡಗಿರೋರಿಗೆ ಸಾಲ ಇಲ್ಲ, ಪಟ್ಟಿ ಓದ್ದಾಗ ಯಾಕೆ ಸುಮ್ಕಿದ್ದೆ?" ಎಂದರು. "ನನ್ನ ಹೆಸರ ಎಲ್ಲಿ ಕರೆದ್ರಿ?" ಎಂದು ಆಕೆ ಕೇಳಿದಳು. "ಮಿಷನ್ನು ಸುಳ್ಳು ಹೇಳ್ತದಾ?" ಎಂದರು.

ಸಂಗತಿ ಇಲ್ಲಿಗೇ ಮುಗಿದಿದ್ದರೆ ನಾನು ಮರೆತುಬಿಡುತ್ತಿದ್ದೆನೇನೋ. ಆದರೆ ಮಾದಮ್ಮ ಹೆಬ್ಬೆಟ್ಟಿನವಳಲ್ಲ. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಶುರುವಾದ ಮೇಲೆ ಹಳ್ಳಿಗಳಲ್ಲಿ ರಾತ್ರಿ ಶಾಲೆಗಳು ನಡೆದವಲ್ಲ, ಅಲ್ಲಿ ನಮ್ಮವ್ವ, ಮಾದಮ್ಮ, ಇನ್ನೂ ಹತ್ತಾರು ಜನ ಲಾಂದ್ರದ ಬೆಳಕಿನಲ್ಲಿ ಕೂತು ಅಕ್ಷರ ಕಲಿತಿದ್ದರು. ಐವತ್ತರ ಮೇಲೆ ಕಲಿತ ಅಕ್ಷರ. ಹೊಲದಲ್ಲಿ ಕಳೆ ಕಿತ್ತು ಬಂದ ಕೈಗೆ ಬಳಪ ಹಿಡಿಯಲು ಎಷ್ಟು ಕಷ್ಟವೆಂದು ಅವ್ವ ಹೇಳುತ್ತಿದ್ದಳು. ಮಾದಮ್ಮ ಆ ಪಟ್ಟಿ ತರಿಸಿಕೊಂಡು ಮೇಲಿನಿಂದ ಕೆಳಗಿನವರೆಗೆ ಬೆರಳಾಡಿಸಿ ತನ್ನ ಹೆಸರು ಹುಡುಕಿದಳಂತೆ. ಕೊನೆಗೆ ಕಾಗದ ಕೆಳಗಿಟ್ಟು, "ಇದ್ರಲ್ಲಿ ನಾನಿಲ್ಲ" ಎಂದಳಂತೆ. ಅಂದೇ ಎದ್ದುಹೋಗಿ ಇಪ್ಪತ್ತು ರೂಪಾಯಿ ತಂದು ಕಟ್ಟಿದಳು. ಆದರೆ ಸಾಲದ ಮಾತು ಮುಂದಿನ ವಾರಕ್ಕೆ ಹೋಯಿತು. ಅಷ್ಟರಲ್ಲಿ ಕಡಸು ಬೇರೆಯವರ ಕೊಟ್ಟಿಗೆ ಸೇರಿತ್ತು.

ಮರು ಭಾನುವಾರ ಹೋದಾಗ ಇದನ್ನೆಲ್ಲ ಹೇಳಿದವಳು ಅವ್ವ. ಬೈಯಲಿಲ್ಲ. ಸೊಪ್ಪು ಬಿಡಿಸುತ್ತ, "ನಿನ್ನ ಮಿಷನ್ನು ನಮ್ಮನ್ನೆಲ್ಲ ತಿರ್ಗ ಹೆಬ್ಬೆಟ್ಟು ಮಾಡ್ತು ಕಣವ್ವ" ಎಂದಳು. ಬೈದಿದ್ದರೇ ಚೆನ್ನಾಗಿತ್ತು.

ಅಂದು ಸಂಜೆ ಬಸ್ಸಿನಲ್ಲಿ ಮದ್ದೂರಿಗೆ ಬರುವವರೆಗೂ ನನಗೆ ಅದೇ ಗುಂಗು. ಕನ್ನಡದಲ್ಲಿ ಮುದ್ರಿಸಲು ದಾರಿ ಇರಲಿಲ್ಲವೆಂದಲ್ಲ. ಪುಣೆಯ ಸಿ-ಡಾಕ್ ಸಂಸ್ಥೆಯ 'ಜಿಸ್ಟ್' ಎಂಬ ಕಾರ್ಡು ಹಾಕಿದರೆ ಕಂಪ್ಯೂಟರಿನಲ್ಲಿ ಕನ್ನಡ ಮೂಡುತ್ತಿತ್ತು. ಅಚ್ಚುಕೂಟದವರು ಬಳಸುವ ಕನ್ನಡ ತಂತ್ರಾಂಶಗಳೂ ಇದ್ದವು. ಆದರೆ ಹದಿನೆಂಟು ಹೆಂಗಸರ ಹತ್ತು ರೂಪಾಯಿಯ ಲೆಕ್ಕಕ್ಕೆ ಅದನ್ನೆಲ್ಲ ಕೊಳ್ಳುವವರು ಯಾರು? "ಕೈಯಲ್ಲೇ ಬರೆದುಕೊಡು, ಅಕ್ಷರ ಚೆನ್ನಾಗಿದೆಯಲ್ಲ" ಎಂದರು ನಮ್ಮವರು. ನ್ಯಾಯವಾದ ಮಾತು. ಆದರೆ ಹೆಂಗಸಿಗೆ ಒಮ್ಮೊಮ್ಮೆ ಹಠ ಹಿಡಿಯುತ್ತದೆ ನೋಡಿ. ಅವಮಾನ ಮಾಡಿದ ಯಂತ್ರದ ಕೈಯಲ್ಲೇ ತಪ್ಪೊಪ್ಪಿಗೆ ಬರೆಸಬೇಕು ಎಂದು ನನಗೆ ಹಠ ಬಂತು.

ಪ್ರಿಂಟರಿನ ಜೊತೆ ಬಂದಿದ್ದ ಪುಸ್ತಕವನ್ನು ಮನೆಗೆ ತಂದೆ. ಈ ಬಗೆಯ ಪ್ರಿಂಟರಿನ ತಲೆಯಲ್ಲಿ ಒಂದರ ಕೆಳಗೊಂದು ಒಂಬತ್ತು ಸಣ್ಣ ಸೂಜಿಗಳಿರುತ್ತವೆ. ತಲೆ ಎಡದಿಂದ ಬಲಕ್ಕೆ ಓಡುತ್ತ ಬೇಕಾದ ಸೂಜಿಗಳು ಮುಂದೆ ಬಂದು ಮಸಿಯ ರಿಬ್ಬನ್ನನ್ನು ಕುಟ್ಟುತ್ತವೆ, ಕಾಗದದ ಮೇಲೆ ಚುಕ್ಕಿ ಬೀಳುತ್ತದೆ. ಆ ಕರ್ ಸದ್ದು ಈ ಕುಟ್ಟುವಿಕೆಯದೇ. ಕುಟ್ಟುವುದರಿಂದಲೇ ಕಾರ್ಬನ್ ಇಟ್ಟರೆ ಒಂದೇ ಏಟಿಗೆ ಎರಡು ಮೂರು ಪ್ರತಿ ಬರುತ್ತದೆ. ಎಪ್ಸನ್ ಕಂಪನಿ ಗೊತ್ತುಮಾಡಿದ ಸಂಕೇತಗಳನ್ನೇ ಆಗ ಬಹಳಷ್ಟು ಪ್ರಿಂಟರುಗಳು ಅನುಸರಿಸುತ್ತಿದ್ದವು. 27 ಎಂಬ ಸಂಖ್ಯೆ, ಅದರ ಹಿಂದೆ 'ಕೆ' ಅಕ್ಷರ, ಆಮೇಲೆ ಎಷ್ಟು ಕಂಬಸಾಲು ಎಂಬ ಲೆಕ್ಕ. ಇಷ್ಟನ್ನು ಕಳಿಸಿದರೆ ಪ್ರಿಂಟರು ತನ್ನ ಇಂಗ್ಲಿಷನ್ನು ಮರೆತು, ನಾವು ಹೇಳಿದ ಚುಕ್ಕಿಗಳನ್ನು ಇಡಲು ಸಿದ್ಧವಾಗುತ್ತದೆ.

ಒಂದೊಂದು ಕಂಬಸಾಲಿಗೂ ಒಂದು ಸಂಖ್ಯೆ. ಒಂಬತ್ತರಲ್ಲಿ ಎಂಟು ಸೂಜಿಗೆ ಇಲ್ಲಿ ಕೆಲಸ. ಮೇಲಿನ ಸೂಜಿಯ ಬೆಲೆ 128, ಅದರ ಕೆಳಗಿನದು 64, ಆಮೇಲೆ 32, 16, 8, 4, 2, ಕೊನೆಗೆ 1. ಯಾವ ಯಾವ ಸೂಜಿ ಕುಟ್ಟಬೇಕೋ ಅವುಗಳ ಬೆಲೆ ಕೂಡಿ ಕಳಿಸಿದರಾಯಿತು. ಗ್ರಾಫ್ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಚುಕ್ಕಿಯಿಟ್ಟು ಕನ್ನಡ ಅಕ್ಷರ ಬರೆಯಲು ಕೂತೆ. ಎಂಟು ಚುಕ್ಕಿಯ ಎತ್ತರದಲ್ಲಿ ಅಕ್ಷರ ಹೇಗೋ ಕೂತಿತು, ಒತ್ತು ಕೂರಲಿಲ್ಲ. ನಮ್ಮ ಕಡೆ ಹೆಂಗಸರ ಹೆಸರೆಲ್ಲ 'ಮ್ಮ' ಎಂದೇ ಮುಗಿಯುತ್ತದೆ. ಸಂಘದ ಹದಿನೆಂಟೂ 'ಮ್ಮ'ಗಳೇ. ಒತ್ತು ಇಲ್ಲದಿದ್ದರೆ ಮಾದಮ್ಮ 'ಮಾದಮ' ಆಗುತ್ತಾಳೆ, ಮತ್ತೆ 'ಮೇಡಂ' ಆಗಲು ಹೊತ್ತು ಬೇಡ! ಅದಕ್ಕೆ ಎರಡು ಪಟ್ಟಿ ಮಾಡಿದೆ. ಅಕ್ಷರದ ಮೇಲಿನ ಅರ್ಧ ಮೊದಲು, ಕಾಗದ ಸರಿಯಾಗಿ ಎಂಟು ಚುಕ್ಕಿಯಷ್ಟೇ ಮೇಲೇರಿದ ಮೇಲೆ ಕೆಳಗಿನ ಅರ್ಧ.

ಒಂದು ಹೆಸರಿಗೆ 96 ಕಂಬಸಾಲು, ಎರಡು ಪಟ್ಟಿಗೆ 192 ಸಂಖ್ಯೆ. ಹದಿನೆಂಟು ಹೆಸರಿಗೆ 3,456. 'ಮ್ಮ' ಮಾತ್ರ ಎಲ್ಲರಿಗೂ ಸಾಮಾನ್ಯವಾದ್ದರಿಂದ ಅದನ್ನು ಒಮ್ಮೆ ಬರೆದಿಟ್ಟು, ಬೇಕೆಂದಾಗ ಕರೆಯುವಂತೆ ಮಾಡಿದೆ. ಸಿ ಭಾಷೆಯಲ್ಲಿ ಇದಕ್ಕೆ ಫಂಕ್ಷನ್ ಎನ್ನುತ್ತಾರೆ. ಮನೆಯ ಸೊಸೆ ಇದ್ದಂತೆ, ಯಾರು ಕರೆದರೂ ಬರಬೇಕು. ಅಲ್ಲಿಗೆ 2,640 ಸಂಖ್ಯೆ ಉಳಿಯಿತು. ಮುಂದಿನ ತಿಂಗಳ ಪಟ್ಟಿಗೆ ಮೂರು ವಾರವಿತ್ತು.

ರಾತ್ರಿ ಊಟವಾದ ಮೇಲೆ ನಡುಮನೆಯಲ್ಲಿ ಗ್ರಾಫ್ ಹಾಳೆ ಹರಡಿಕೊಂಡು ಕೂರುತ್ತಿದ್ದೆ. ಅತ್ತೆ ಎರಡು ದಿನ ಸುಮ್ಮನೆ ನೋಡಿದರು. ಮೂರನೆಯ ದಿನ ಹತ್ತಿರ ಬಂದು, "ಇದೇನು, ಚುಕ್ಕಿ ಇಟ್ಟು ಗೆರೆ ಎಳೆಯದೆ ಬಿಟ್ಟಿದ್ದೀಯಾ?" ಎಂದರು. ವಿವರಿಸಿದೆ. ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟ ಹೆಂಗಸು, ಆದರೆ ಧನುರ್ಮಾಸದಲ್ಲಿ ನಮ್ಮ ಬೀದಿಯವರು ಅವರ ರಂಗೋಲಿ ನೋಡಲೆಂದೇ ಬರುತ್ತಿದ್ದರು. ಹದಿನೈದು ಚುಕ್ಕಿಯಿಂದ ಒಂದರವರೆಗೆ ಎಣಿಸದೇ ಇಡಬಲ್ಲ ಕೈ ಅದು. ನನ್ನ 'ಮ್ಮ' ನೋಡಿ, "ಈ ಒತ್ತು ಮುರಿದ ಬಾಗಿಲ ಹಾಗೆ ನೇತಾಡ್ತಿದೆ. ಒಂದು ಚುಕ್ಕಿ ಮೇಲಕ್ಕೆ ತಗೋ, ಇಲ್ಲಿ ಎರಡು ಚುಕ್ಕಿ ಅಳಿಸು" ಎಂದರು. ಅಳಿಸಿ ನೋಡಿದರೆ ಅಕ್ಷರ ನಗುತ್ತ ನಿಂತಿತು. ಅಂದಿನಿಂದ ಚುಕ್ಕಿ ಇಡುವ ಕೆಲಸ ಅತ್ತೆಯದು, ಕೂಡಿ ಸಂಖ್ಯೆ ಬರೆಯುವ ಕೆಲಸ ನನ್ನದು. ಮದುವೆಯಾಗಿ ಎರಡು ವರ್ಷಕ್ಕೆ ನಾವಿಬ್ಬರೂ ಒಂದೇ ಚಾಪೆಯ ಮೇಲೆ ಒಂದು ಗಂಟೆ ಜೊತೆಗೆ ಕೂತದ್ದು ಅದೇ ಮೊದಲು. ನಮ್ಮವರು ಇದನ್ನು ನೋಡಿ, ಬೆಳಗಾದರೆ ಎಲ್ಲಿ ಕನಸಾಗಿಬಿಡುತ್ತದೋ ಎಂಬಂತೆ ಸದ್ದಿಲ್ಲದೆ ಹೋಗಿ ಮಲಗಿಬಿಡುತ್ತಿದ್ದರು.

ಮೊದಲು ಮುದ್ರಿಸಿದ್ದು ಮಾದಮ್ಮನ ಹೆಸರನ್ನೇ. 'ಮಾ' ಮುದ್ದಾಗಿ ಬಂತು. 'ದ' ಅಕ್ಷರದ ನಡುವೆ ಮಾತ್ರ ಯಾರೋ ಗೀಚಿದಂತೆ ಒಂದು ಹೆಚ್ಚಿನ ಕಂಬ, ಅಲ್ಲಿಂದಾಚೆಗೆ ಎಲ್ಲವೂ ಒಂದು ಮನೆ ಪಕ್ಕಕ್ಕೆ ಸರಿದಿತ್ತು. ಕೊನೆಯಲ್ಲಿ ಸಂಬಂಧವಿಲ್ಲದ ಒಂದು ಚಿಹ್ನೆ ಬೇರೆ. ಹಾಳೆ ನೋಡಿದೆ, ಸಂಖ್ಯೆ ನೋಡಿದೆ, ಎಲ್ಲ ಸರಿಯಿದೆ. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಗುಟ್ಟು ಸಿಕ್ಕಿತು. ಆ ಕಂಬಸಾಲಿನಲ್ಲಿ 8ರ ಸೂಜಿ ಮತ್ತು 2ರ ಸೂಜಿ, ಎರಡೂ ಕೂಡಿ 10. ಡಾಸ್‌ನಲ್ಲಿ ಕಡತವನ್ನು ಮಾಮೂಲಿ ಬರಹವೆಂದು ತೆರೆದರೆ 10 ಎಂದರೆ 'ಸಾಲು ಮುಗಿಯಿತು' ಎಂದು ಅರ್ಥ. ಸಿ ಭಾಷೆ ಬಹಳ ಉಪಕಾರ ಮಾಡುವವರಂತೆ, ಅದರ ಮುಂದೆ 13 ಎಂಬ ಇನ್ನೊಂದು ಸಂಖ್ಯೆಯನ್ನು ತಾನೇ ಸೇರಿಸುತ್ತದೆ. 13 ಎಂದರೆ 'ತಲೆಯನ್ನು ಎಡ ಅಂಚಿಗೆ ತಾ'. ಇಲ್ಲಿ ಅದೂ ಚುಕ್ಕಿಯಾಗಿ ಬಿದ್ದಿತ್ತು. ಕೇಳದೆ ಸಲಹೆ ಕೊಡುವ ನೆಂಟರು ಕಂಪ್ಯೂಟರಿನೊಳಗೂ ಇದ್ದಾರೆಂದು ಆಗ ತಿಳಿಯಿತು.

ಇದಕ್ಕೆ ಔಷಧಿ ಒಂದೇ ಅಕ್ಷರ. ತೆರೆಯುವಾಗ 'ಡಬ್ಲ್ಯು' ಎನ್ನುವ ಬದಲು 'ಡಬ್ಲ್ಯುಬಿ' ಎಂದರೆ, 'ಕೊಟ್ಟದ್ದನ್ನು ಕೊಟ್ಟ ಹಾಗೇ ಕಳಿಸು, ಏನೂ ಸೇರಿಸಬೇಡ' ಎಂದು ಹೇಳಿದಂತೆ. 'ದ' ಸರಿಹೋಯಿತು. ಆದರೆ ಈಗ ಸಾಲುಗಳು ಮೆಟ್ಟಿಲಿನಂತೆ ಇಳಿಯತೊಡಗಿದವು! ಒಂದು ಸಾಲು ಮುಗಿದ ಜಾಗದ ಕೆಳಗಿನಿಂದ ಮುಂದಿನ ಸಾಲು ಶುರು. ಉಪಕಾರ ಬೇಡವೆಂದ ಮೇಲೆ ಆ 13ನ್ನು ನಾನೇ ಪ್ರತಿ ಸಾಲಿಗೂ ಕಳಿಸಬೇಕಿತ್ತು. ಕಳಿಸಿದೆ. ಇನ್ನೇನು ಇಡೀ ಪಟ್ಟಿ ಮುದ್ರಿಸಬೇಕು, ಕರೆಂಟು ಹೋಯಿತು. 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದ ಶಿವನಸಮುದ್ರ ನಮ್ಮ ಮಳವಳ್ಳಿ ತಾಲ್ಲೂಕಿನದೇ. ಅಂಥ ಸೀಮೆಯ ಹೆಣ್ಣುಮಗಳು ಕತ್ತಲಲ್ಲಿ ಕೂತು ಕರೆಂಟಿಗೆ ಕಾಯಬೇಕಾಯಿತು. ಎರಡು ಗಂಟೆಯ ಮೇಲೆ ಬಂತು. ಕರ್ ಕರ್ ಎಂದು ಹದಿನೆಂಟು ಹೆಸರೂ ಇಳಿದವು. ನಿಂತಿಗಿಂತ ಅಡ್ಡಕ್ಕೆ ಚುಕ್ಕಿ ಸ್ವಲ್ಪ ವಿರಳವಾದ್ದರಿಂದ ಅಕ್ಷರಗಳು ಬಾಣಂತಿಯರಂತೆ ಒಂದಿಷ್ಟು ದಪ್ಪಗೆ ಕಂಡವು. ಹೊಸದಾಗಿ ಓದುವವರಿಗೆ ಅದೇ ಅನುಕೂಲ. ಅಂಕಿಗಳನ್ನು ಪ್ರಿಂಟರಿನವೇ ಬಿಟ್ಟೆ. ಬಸ್ಸಿನ ನಂಬರು, ಕ್ಯಾಲೆಂಡರಿನ ತಾರೀಕು ನೋಡಿ ಆ ಅಂಕಿಗಳು ಎಲ್ಲರಿಗೂ ಬರುತ್ತಿದ್ದವು.

ಆ ಭಾನುವಾರ ಪಟ್ಟಿಯನ್ನು ಲೆಕ್ಕದ ಹುಡುಗನ ಕೈಗೆ ಕೊಡಲಿಲ್ಲ. ಜಗಲಿಯ ಮೇಲೆ ಹರಡಿದೆ. ಹೆಂಗಸರು ಸುತ್ತ ಬಗ್ಗಿದರು. "ಇದು ನಂದು", "ಏ ತಡಿ, ಇದು ನಂದಲ್ವಾ" ಎಂದು ಬೆರಳುಗಳು ಓಡಾಡಿದವು. ಮಾದಮ್ಮ ತಡವಾಗಿ ಬಂದಳು. ಕೂತು ಬೆರಳಿಟ್ಟು "ಮಾ... ದ... ಮ್ಮ" ಎಂದು ಓದಿದಳು. ನನಗೆ ಗಂಟಲು ಕಟ್ಟಿತು. ಆಕೆ ಈಗ ನನ್ನ ತಲೆ ನೇವರಿಸಿ ಹರಸುತ್ತಾಳೆ ಎಂದು ಕಾದು ಕೂತೆ.

ಮಾದಮ್ಮನ ಬೆರಳು ಹೆಸರಿನಿಂದ ಪಕ್ಕಕ್ಕೆ ಸರಿಯಿತು. ತಲೆಯೆತ್ತಿ, "ಇದ್ಯಾಕವ್ವ ಇಪ್ಪತ್ತು ಬಾಕಿ ಅಂತ ಮಡಗಿದೀಯೆ? ಅವತ್ತೇ ಕೊಟ್ನಲ್ಲ!" ಎಂದಳು.

ನೋಟ್‌ಬುಕ್ಕು ತರಿಸಿ ನೋಡಿದೆವು. ಕೊಟ್ಟಿದ್ದಳು. ಅದನ್ನು ಹುಡುಗ ಪುಟದ ಹಿಂಬದಿಯಲ್ಲಿ ಬರೆದಿದ್ದ, ನಾನು ಪುಟ ತಿರುಗಿಸದೆ ಲೆಕ್ಕ ಹಾಕಿದ್ದೆ. 2,640 ಸಂಖ್ಯೆಗಳನ್ನು ತಪ್ಪಿಲ್ಲದೆ ಕಳಿಸಿದವಳು ಇಪ್ಪತ್ತು ರೂಪಾಯಿಯಲ್ಲಿ ತಪ್ಪಿದ್ದೆ. "ಮೇಡಮ್ಮನೇ ಬಾಕಿ ಅಂತ ನಾನು ಅವತ್ತೇ ಹೇಳ್ನಿಲ್ವಾ?" ಎಂದು ಮೂಲೆಯಿಂದ ಯಾರೋ ಅಂದರು. ಜಗಲಿ ಮತ್ತೆ ನಕ್ಕಿತು. ಈ ಸಲ ಮಾದಮ್ಮನೂ ನಕ್ಕಳು. ನಾನು ಪೆನ್ನು ತೆಗೆದು ಎಲ್ಲರೆದುರು ಹೊಡೆದುಹಾಕಿ ತಿದ್ದಿದೆ.

ನಾನು ಆ ಕೆಲಸವನ್ನು ಪ್ರಾಯಶ್ಚಿತ್ತವೆಂದು ಮಾಡಿದ್ದೆ, ಆಕೆಯ ಹೆಸರನ್ನು ಆಕೆಗೆ ಕೊಟ್ಟೆನೆಂದು ಬೀಗಿದ್ದೆ. ಮಾದಮ್ಮನಿಗೆ ಬೇಕಾಗಿದ್ದುದು ಚಂದದ ಹೆಸರಲ್ಲ, ಲೆಕ್ಕ. ಹೆಸರು ಸಿಕ್ಕಿದ್ದರಿಂದ ಲೆಕ್ಕ ಸಿಕ್ಕಿತು, ಲೆಕ್ಕ ಸಿಕ್ಕಿದ್ದರಿಂದ 'ಇದು ತಪ್ಪು' ಎನ್ನುವ ಧೈರ್ಯ ಸಿಕ್ಕಿತು. ಓದಲಾಗದ ಕಾಗದದ ಎದುರು ಸತ್ಯವಂತೆಯೂ ತಲೆತಗ್ಗಿಸಿ ಕೂರಬೇಕಾಗುತ್ತದೆ. ಮೊದಲ ಪಟ್ಟಿಯಲ್ಲೂ ಇಂಥ ತಪ್ಪು ಎಷ್ಟಿದ್ದವೋ, ಯಾರು ಹೇಳಬೇಕಿತ್ತು?

ಆ ಪ್ರೋಗ್ರಾಮು ಮೂರು ವರ್ಷ ನಡೆಯಿತು. 1998ರಲ್ಲಿ ಶೇಷಾದ್ರಿ ವಾಸು ಅವರ 'ಬರಹ' ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ಕನ್ನಡ ಮುದ್ರಿಸುವುದು ಯಾರು ಬೇಕಾದರೂ ಮಾಡುವ ಕೆಲಸವಾಯಿತು. ಇಂದಿನ ಕಂಪ್ಯೂಟರಿನಲ್ಲಿ ನನ್ನ ಹಳೆಯ ಉಪಾಯ ನಡೆಯುವುದೂ ಇಲ್ಲ. ಯುಎಸ್‌ಬಿ ತಂತಿಯ ಪ್ರಿಂಟರುಗಳು 'ಪಿಆರ್‌ಎನ್' ಎಂದು ಕೂಗಿದರೆ ಸಾಮಾನ್ಯವಾಗಿ ತಿರುಗಿ ನೋಡುವುದಿಲ್ಲ. ಪ್ರೋಗ್ರಾಮು ತನ್ನ ಹಾಳೆಯನ್ನು ಮುದ್ರಣದ ಸರದಿಯಲ್ಲಿ ಇಡಬೇಕು, ಉಳಿದದ್ದನ್ನು ವಿಂಡೋಸೋ ಲಿನಕ್ಸೋ ನೋಡಿಕೊಳ್ಳುತ್ತದೆ. ಆದರೆ ಒಳಗಿನ ಕೆಲಸ ಮಾತ್ರ ಅದೇ ರಂಗೋಲಿ. ಲೇಸರ್ ಪ್ರಿಂಟರು ಕೂಡ ಚುಕ್ಕಿಯನ್ನೇ ಇಡುವುದು. ನಾವು ಅಂಗುಲಕ್ಕೆ ಅಡ್ಡಕ್ಕೆ 60 ಇಟ್ಟಲ್ಲಿ ಅದು 600 ಇಡುತ್ತದೆ, ಅಷ್ಟೇ. ಅತ್ತೆ ಈಗಿಲ್ಲ. ಅವರ ರಂಗೋಲಿ ಪುಸ್ತಕದ ಕೊನೆಯಲ್ಲಿ, ಬಳ್ಳಿ, ನವಿಲುಗಳ ನಡುವೆ 'ಮ್ಮ'ದ ಗ್ರಾಫ್ ಹಾಳೆ ಹಾಗೇ ಇದೆ.

ಹೋದ ತಿಂಗಳು ಬ್ಯಾಂಕಿನಲ್ಲಿ ಪಾಸ್‌ಬುಕ್ಕು ಹಿಡಿದು ನಿಂತಿದ್ದೆ. ಮುಂದಿದ್ದ ಹೆಂಗಸಿನ ಪುಸ್ತಕ ಪ್ರಿಂಟರಿನೊಳಗೆ ಹೋಗಿ ಕರ್ ಎಂದು ಹೊರಬಂತು. ಆಕೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ ನನ್ನತ್ತ ಚಾಚಿದಳು. "ಒಸಿ ನೋಡವ್ವ, ಏನೋ ನೂರಿಪ್ಪತ್ತು ಹಿಡ್ಕಂಡವ್ರೆ, ಯಾತಕ್ಕೆ ಅಂತ."

"ಓದೋಕೆ ಬರೋಲ್ವಾ?" ಎಂದು ಕೇಳಿಬಿಟ್ಟೆ.

"ಬತ್ತದೆ ಕಣವ್ವ, ಕನ್ನಡ ಚೆಂದಾಗಿ ಬತ್ತದೆ" ಎಂದಳು ಆಕೆ, ಸ್ವಲ್ಪ ಖಾರವಾಗಿಯೇ. "ಇದು ಕನ್ನಡ ಅಲ್ವಲ್ಲ."

ಸಾಲು ನೋಡಿ ಓದಿ ಹೇಳಿದೆ. ಆಕೆ ಕೌಂಟರಿನತ್ತ ತಿರುಗಿ, ಆ ನೂರಿಪ್ಪತ್ತು ಯಾಕೆ ಎಂದು ಗಟ್ಟಿಯಾಗಿ ಕೇಳತೊಡಗಿದಳು. ಅಷ್ಟರಲ್ಲಿ ನನ್ನ ಸರದಿ ಬಂತು. ಪ್ರಿಂಟರು ಕರ್ ಕರ್ ಎಂದಿತು. ಅಂದು ಮಾತ್ರ ಆ ಸದ್ದು ನನಗೆ ಮೊದಲಿನಷ್ಟು ಹಿತವೆನಿಸಲಿಲ್ಲ.